ಟ್ರಂಕು, ಲೋಕಲ್ಲು ಮತ್ತು ಅತ್ತೆಯ ತಟ್ಟೆ

ನಮ್ಮ ಬೀದಿಯ ಟೈಲರಿಗೆ ಟೇಪಣ್ಣ ಎಂಬ ಹೆಸರು ಬಿದ್ದದ್ದು ಅವರ ಕೊರಳಲ್ಲಿ ಸದಾ ನೇತಾಡುವ ಅಳತೆ ಟೇಪಿನಿಂದ. ಊಟಕ್ಕೆ ಕೂತಾಗಲೂ ಅದು ಅಲ್ಲೇ, ಹಲ್ಲು ನೋವೆಂದು ಡಾಕ್ಟರ ಹತ್ತಿರ ಹೋದಾಗಲೂ ಅದು ಅಲ್ಲೇ. ಹೊಸ ಬಟ್ಟೆ ಹೊಲಿಯುವುದನ್ನು ಅವರು ಬಿಟ್ಟು ಬಹಳ ವರ್ಷವಾಯಿತು. ಈಗ ಬರುವುದೆಲ್ಲ ರಿಪೇರಿ ಕೆಲಸ. ಉದ್ದದ ಪ್ಯಾಂಟನ್ನು ಗಿಡ್ಡ ಮಾಡಬೇಕು, ಬಿಗಿಯಾದ ಕೋಟನ್ನು ಬಿಚ್ಚಿ ಸಡಿಲಿಸಬೇಕು, ಕಿತ್ತುಹೋದ ಜಿಪ್ಪು ಬದಲಿಸಬೇಕು. "ಜನ ದಪ್ಪ ಆಗ್ತಾ ಸಣ್ಣ ಆಗ್ತಾ ಇರೋವರೆಗೂ ನನಗೆ ಕೆಲಸಕ್ಕೆ ಬರ ಇಲ್ಲ ಸಾರ್" ಎಂದು ನಗುತ್ತಿದ್ದರು. ಹಾಗೆ ಸಣ್ಣಗೆ, ದಪ್ಪಗೆ ಆಗುತ್ತಾ ಬಂದವರಲ್ಲಿ ನಾನೂ ಒಬ್ಬ. ಎದುರು ಸಾಲಿನಲ್ಲಿ ನನ್ನ ಆಫೀಸು. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಅವರ ಮಷೀನಿನ ಪಕ್ಕದ ಕುರ್ಚಿಯಲ್ಲಿ ಕೂತು ಹರಟುವುದು ಅಭ್ಯಾಸವಾಗಿಬಿಟ್ಟಿತ್ತು.

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮಷೀನು, ಮೂಲೆಯಲ್ಲಿ ಪರದೆ ಕಟ್ಟಿ ಮಾಡಿದ ಟ್ರಯಲ್ ಜಾಗ, ಗೋಡೆಯುದ್ದಕ್ಕೂ ಚೀಟಿ ಅಂಟಿಸಿಕೊಂಡು ನೇತಾಡುವ ಬಟ್ಟೆಗಳು. ಒಳಗೆ ಒಂದು ಹಾಲು, ಅದರಾಚೆ ಅಡುಗೆಮನೆ, ಹಿಂದೆ ನಾಲ್ಕು ಹೆಜ್ಜೆ ಅಗಲದ ಹಿತ್ತಲು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರಕ್ಕೆ ಅಡುಗೆ ಮುಗಿಸಿ ಹೊರಟರೆ ಬರುವುದು ನಾಲ್ಕಕ್ಕೆ. ಮಕ್ಕಳಿಲ್ಲ. ಗಂಡ ಹೆಂಡತಿ ತಮ್ಮ ಪಾಡಿಗೆ ತಾವು ಇದ್ದ ಆ ಮನೆಗೆ ಮೂರು ವರ್ಷದ ಹಿಂದೆ ಹೆಂಡತಿಯ ತಾಯಿ ಬಂದರು. ಜೊತೆಗೆ ಒಂದು ಸೂಟ್‌ಕೇಸು, ಎರಡು ನಾಯಿ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿದ್ದವರು. ಊರಿನ ಅರ್ಧ ನಂಬರುಗಳು ಅವರಿಗೆ ಬಾಯಿಪಾಠ ಇದ್ದವಂತೆ. ದನಿ ಕೇಳಿದರೆ ಸಾಕು, ಯಾರು, ಯಾರಿಗೆ ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ ಎಂಬುದೂ ಗೊತ್ತಾಗುತ್ತಿತ್ತಂತೆ. ದೂರದೂರಿನ ಟ್ರಂಕ್ ಕಾಲು, ಊರೊಳಗಿನ ಲೋಕಲ್ ಕಾಲುಗಳ ನೆನಪಿಗೆ ನಾಯಿಗಳಿಗೆ ಅವರಿಟ್ಟ ಹೆಸರು ಟ್ರಂಕು ಮತ್ತು ಲೋಕಲ್ಲು. ದೊಡ್ಡದು, ಕಂದು ಬಣ್ಣದ್ದು, ಕರೆದರೆ ಒಂದು ನಿಮಿಷ ಬಿಟ್ಟು ತಿರುಗಿ ನೋಡುವುದು ಟ್ರಂಕು. ಚಿಕ್ಕದು, ಕಪ್ಪು, ಕರೆಯುವ ಮೊದಲೇ ಕಾಲ ಬಳಿ ಬಂದು ನಿಲ್ಲುವುದು ಲೋಕಲ್ಲು.

ಮಕ್ಕಳನ್ನಾದರೂ ಯಾರೂ ಹಾಗೆ ಸಾಕುವುದಿಲ್ಲ. ಹಾಲಿನ ಸೋಫಾ ಅವುಗಳದ್ದು, ಒಂದೊಂದಕ್ಕೆ ಒಂದೊಂದು ದಿಂಬು. ಬ್ರೆಡ್ಡಿನ ಅಂಚು ಕತ್ತರಿಸಿ ಒಳಗಿನ ಮೆತ್ತನೆಯದ್ದನ್ನು ನಾಯಿಗಳಿಗೆ ಕೊಟ್ಟು ಅಂಚನ್ನು ಅತ್ತೆ ತಿನ್ನುತ್ತಿದ್ದರು. ಚಳಿ ಶುರುವಾದರೆ ಮೊದಲು ಸ್ವೆಟರು ನಾಯಿಗಳಿಗೆ. "ಅಳಿಯಂದಿರೇ, ಲೋಕಲ್ಲಿಗೆ ಕಂಕುಳ ಹತ್ರ ಬಿಗಿ ಆಗ್ತಿದೆ, ಸ್ವಲ್ಪ ಬಿಡಿಸಿ ಕೊಡ್ತೀರಾ?" ಎಂದು ಅತ್ತೆ ಬಂದು ನಿಂತರೆ ಟೇಪಣ್ಣ ಗಿರಾಕಿಯ ಕೋಟನ್ನು ಪಕ್ಕಕ್ಕಿಟ್ಟು ನಾಯಿಯ ಅಳತೆ ತೆಗೆಯುತ್ತಿದ್ದರು. ಅತ್ತೆಗೆ ಎದುರಾಡಿದವರಲ್ಲ. "ಈ ಮನೆಯಲ್ಲಿ ನನ್ನದು ಐದನೇ ಸ್ಥಾನ ಸಾರ್. ನನ್ನ ಕೆಳಗೆ ಈ ಇಸ್ತ್ರಿಪೆಟ್ಟಿಗೆ ಮಾತ್ರ" ಎನ್ನುತ್ತಿದ್ದರು.

ಇಂಥ ಮುದ್ದಿನಲ್ಲಿ ಬೆಳೆದ ನಾಯಿಗಳು ಬಾಲ ಬಿಚ್ಚದೆ ಇರುತ್ತವೆಯೇ? ಒಮ್ಮೆ ಒಬ್ಬರು ರಿಪೇರಿಗೆ ಕೊಟ್ಟ ಕೋಟಿನ ಜೇಬಿನಲ್ಲಿ ಎರಡು ಬಿಸ್ಕತ್ತು ಮರೆತು ಹೋಗಿದ್ದರು. ಲೋಕಲ್ಲು ಹೊಲಿಗೆಯ ಗೆರೆ ಹಿಡಿದು ಎಷ್ಟು ಅಚ್ಚುಕಟ್ಟಾಗಿ ಆ ಜೇಬು ಬಿಚ್ಚಿತ್ತೆಂದರೆ, "ನನ್ನ ಕತ್ತರೀಲೂ ಇಷ್ಟು ನೀಟಾಗಿ ಬರಲ್ಲ" ಎಂದು ಟೇಪಣ್ಣ ಮೆಚ್ಚಿಕೊಂಡೇ ಹೊಸ ಜೇಬು ಕೂರಿಸಿದರು. ಟ್ರಂಕಿಗೆ ಫ್ರಿಜ್ಜಿನ ಬಾಗಿಲು ತೆರೆಯುವುದು ಗೊತ್ತಿತ್ತು. ಹಿಡಿಗೆ ಹಲ್ಲು ಹಾಕಿ ಹಿಂದಕ್ಕೆ ಜಗ್ಗುವುದು ಅದರ ಕೆಲಸ, ಒಳಗೆ ನುಗ್ಗಿ ಮೊಟ್ಟೆಯ ತಟ್ಟೆ ಎಳೆಯುವುದು ಲೋಕಲ್ಲಿನ ಕೆಲಸ. ಟೇಪಣ್ಣ ದಪ್ಪ ಎಲಾಸ್ಟಿಕ್ಕು ಹೊಲಿದು ಫ್ರಿಜ್ಜಿಗೆ ಬೆಲ್ಟು ಕಟ್ಟಿದರು. ನಾಯಿಗಳು ಎರಡು ದಿನ ಅದರ ಎದುರು ಕೂತು ಯೋಚಿಸಿದವು. ಮೂರನೆಯ ದಿನ ಎಲಾಸ್ಟಿಕ್ಕೂ ಇರಲಿಲ್ಲ, ಬೆಣ್ಣೆಯೂ ಇರಲಿಲ್ಲ.

ಹೀಗೇ ನಡೆಯುತ್ತಿದ್ದಾಗ ಒಂದು ದಿನ ಟ್ರಂಕು ಸೋಫಾ ಹತ್ತಲಾರದೆ ಅರ್ಧಕ್ಕೆ ನಿಂತು ಏದುಸಿರು ಬಿಟ್ಟಿತು. ಟೇಪಣ್ಣ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಎರಡನ್ನೂ ಕರೆದುಕೊಂಡು ಹೋದರು. ಡಾಕ್ಟರಮ್ಮ ತೂಕ ನೋಡಿ ಕನ್ನಡಕ ತೆಗೆದರು.

"ಅಲ್ಲ ಸಾರ್, ಇದು ನಾಯೀನಾ, ಬೀನ್ ಬ್ಯಾಗಾ? ಏನು ಹಾಕ್ತೀರಿ ಇವಕ್ಕೆ?"

"ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ, ಅಷ್ಟೇ ಮೇಡಂ."

"ಸುಳ್ಳು ಹೇಳಬೇಡಿ. ದೊಡ್ಡದರ ಹೃದಯ ಸುಸ್ತಾಗಿದೆ. ಇನ್ನು ಮೇಲೆ ಈ ಕಪ್ಪಲ್ಲಿ ಅಳೆದು ಹಾಕಿ. ಒಂದು ಬಿಸ್ಕತ್ತೂ ಜಾಸ್ತಿ ಕೊಡಕೂಡದು."

ಟೇಪಣ್ಣ ಅಳತೆಯ ಮನುಷ್ಯ. ಅಳೆದೇ ಹಾಕಿದರು. ಒಂದು ತಿಂಗಳು ಕಪ್ಪಿನ ಗೆರೆ ದಾಟಲಿಲ್ಲ. ತಿಂಗಳು ಮುಗಿದ ಮೇಲೆ ನಾಯಿಗಳ ಸೊಂಟಕ್ಕೆ ಟೇಪು ಹಿಡಿದರೆ ಟ್ರಂಕು ಒಂದೂವರೆ ಇಂಚು ಹೆಚ್ಚಿತ್ತು, ಲೋಕಲ್ಲು ಎರಡು. ಇದೆಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡರು. ಮರುದಿನ ಮಷೀನನ್ನು ಹಾಲಿನ ಬಾಗಿಲ ಕಡೆಗೆ ತಿರುಗಿಸಿ, ಪ್ಯಾಂಟಿನ ಅಂಚು ಮಡಚುತ್ತಾ, ಒಳಗೊಂದು ಕಣ್ಣಿಟ್ಟು ಕೂತರು.

ಅವರು ಅಲ್ಲಿಂದ ಕಂಡದ್ದನ್ನು ನನಗೆ ಹೇಳುವಾಗ ನಗಬೇಕೋ ಬೇಡವೋ ಎಂದು ಅವರಿಗೇ ಗೊತ್ತಿರಲಿಲ್ಲ. ಒಂಬತ್ತೂ ಹತ್ತಕ್ಕೆ ನಾಯಿಗಳು ಅತ್ತೆಯ ಎದುರು ಬಂದು ಕೂತವು. ಲೋಕಲ್ಲು ಮುಂಗಾಲನ್ನು ಅವರ ಮೊಣಕಾಲ ಮೇಲಿಟ್ಟಿತು. ಟ್ರಂಕು ಗದ್ದವನ್ನು ಅವರ ಮಡಿಲಿಗೆ ಚೆಲ್ಲಿ, ಜನ್ಮದಲ್ಲಿ ಅನ್ನ ಕಾಣದವರಂತೆ ನಿಟ್ಟುಸಿರಿಟ್ಟಿತು. "ಅಯ್ಯೋ ನನ್ನ ರಾಜಂದಿರಾ, ಇನ್ನೂ ಯಾರೂ ಏನೂ ಹಾಕಿಲ್ವಾ ನಿಮಗೆ?" ಎಂದು ಅತ್ತೆ ಎದ್ದು ಹೋಗಿ ಬ್ರೆಡ್ಡು ತಂದು ಹಾಲಿನಲ್ಲಿ ನೆನೆಸಿ ಹಾಕಿದರು. ತಿಂದ ನಾಯಿಗಳು ಹಿತ್ತಲಿಗೆ ಒಂದು ಸುತ್ತು ಹೋಗಿ ಬಂದು ಅದೇ ಜಾಗದಲ್ಲಿ, ಅದೇ ಮುಖ ಮಾಡಿಕೊಂಡು ಕೂತವು. "ಅಯ್ಯೋ ನನ್ನ ರಾಜಂದಿರಾ, ಇನ್ನೂ ಯಾರೂ ಏನೂ ಹಾಕಿಲ್ವಾ?" ಮತ್ತೆ ಬ್ರೆಡ್ಡು. ಹನ್ನೊಂದು ಗಂಟೆಯ ಒಳಗೆ ಐದು ಸಲ. ಐದೂ ಸಲ ಅತ್ತೆಯ ದನಿಯಲ್ಲಿ ಅದೇ ಕನಿಕರ, ಅದೇ ಆಶ್ಚರ್ಯ.

ಅತ್ತೆಗೆ ಮರೆವು ಶುರುವಾಗಿತ್ತು. ಮಗಳಿಗೆ ಗೊತ್ತಾಗಿರಲಿಲ್ಲ, ಅಳಿಯನಿಗೆ ಗೊತ್ತಾಗಿರಲಿಲ್ಲ. ಕನ್ನಡಕ ಎಲ್ಲೋ ಇಡುವುದು, ಹೇಳಿದ್ದನ್ನೇ ಹೇಳುವುದು ವಯಸ್ಸಿಗೆ ಸಹಜ ಎಂದುಕೊಂಡಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಕಂಡುಹಿಡಿದದ್ದು ನಾಯಿಗಳು.

ಟೇಪಣ್ಣ ಉಪಾಯಗಳನ್ನು ಹೂಡಿದರು. ಅಡುಗೆಮನೆಯ ಬಾಗಿಲಿಗೆ "ನಾಯಿಗಳ ಊಟ ಆಯಿತು" ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದರು. ಅತ್ತೆ ಗಟ್ಟಿಯಾಗಿ ಓದಿ, "ಇದು ನಿನ್ನೆಯದು" ಎಂದು ಕಿತ್ತು ಮಡಚಿ ಕಸದ ಡಬ್ಬಿಗೆ ಹಾಕಿದರು. ದಿನಾಂಕ ಸೇರಿಸಿ ಬರೆದರು. "ಇವತ್ತು ಯಾವ ತಾರೀಕು ಅಂತ ಯಾರಿಗೆ ಗೊತ್ತು?" ಎಂದು ಅದನ್ನೂ ಕಿತ್ತರು. ಕೊನೆಗೆ ಬ್ರೆಡ್ಡು, ಬಿಸ್ಕತ್ತು ಇಡುವ ಕಪಾಟಿಗೆ ಬೀಗ ಹಾಕಿದರು. ಅತ್ತೆ ಬೀಗವನ್ನು ಎರಡು ಸಲ ಜಗ್ಗಿ ನೋಡಿ ಅಂಗಡಿಗೆ ಬಂದರು. ಆಗ ನಾನಲ್ಲೇ ಕೂತಿದ್ದೆ.

"ಅಳಿಯಂದಿರೇ, ಒಂದು ಮಾತು ಕೇಳ್ಲಾ? ನಾನು ಈ ಮನೇಲಿ ಕಳ್ಳೀನಾ?"

"ಅಯ್ಯೋ, ಎಂಥ ಮಾತು ಅತ್ತೆ!"

"ಮತ್ತೆ ಬೀಗ ಯಾರಿಗೆ?"

ಟೇಪಣ್ಣ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕೋಟು ನೋಡಿದೆ. ಅವರು ಎದ್ದು ಹೋಗಿ ಬೀಗ ತೆಗೆದು, ಕೀಲಿಯನ್ನು ಅತ್ತೆಯ ಕೈಗೇ ಕೊಟ್ಟು ಬಂದು ಮಷೀನಿನ ಮುಂದೆ ಕೈಚೆಲ್ಲಿ ಕೂತರು. ಒಳಗಿನಿಂದ "ಇನ್ನೂ ಯಾರೂ ಏನೂ ಹಾಕಿಲ್ವಾ" ಎಂಬ ದನಿ ಕೇಳಿತು.

ಚಳಿಗಾಲ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ತಮ್ಮ ಉದ್ದ ಕೋಟು ಹಿಡಿದು ಬಂದು, "ಇದ್ಯಾಕೋ ಲೂಸಾಗಿದೆ, ಒಗೆದೂ ಒಗೆದೂ ಬಟ್ಟೆ ಹಿಗ್ಗಿರಬೇಕು" ಎಂದರು. ಟೇಪಣ್ಣ ಎದೆಯ ಅಳತೆ ತೆಗೆದರು. ಮತ್ತೊಮ್ಮೆ ತೆಗೆದರು. ಆ ಕೋಟನ್ನು ಒಂದೂವರೆ ವರ್ಷದ ಹಿಂದೆ ಅವರೇ ಸರಿಮಾಡಿಕೊಟ್ಟಿದ್ದರು. ಅಳತೆಯ ಪುಸ್ತಕ ತೆಗೆದು ನೋಡಿದರೆ ಆಗ ಎದೆ ಮೂವತ್ತಾರು, ಈಗ ಮೂವತ್ತೆರಡು. ಸೊಂಟ ಐದು ಇಂಚು ಇಳಿದಿತ್ತು. ಕೋಟಿನ ಹೊಲಿಗೆಗಳೆಲ್ಲ ಅವರು ಹಾಕಿದ ಹಾಗೆಯೇ ಇದ್ದವು. ಬಟ್ಟೆ ಎಲ್ಲೂ ಹಿಗ್ಗಿರಲಿಲ್ಲ.

ಅಂದು ಹನ್ನೆರಡೂವರೆಗೆ ಎಂದಿನಂತೆ ಅತ್ತೆಗೆ ತಟ್ಟೆಯಲ್ಲಿ ಬಡಿಸಿ ಕೊಟ್ಟರು. ಆದರೆ ಆ ದಿನ ಮಷೀನಿಗೆ ಹಿಂತಿರುಗದೆ ಬಾಗಿಲ ಹಿಂದೆ ನಿಂತರು. ಅತ್ತೆ ಅನ್ನ, ತರಕಾರಿ, ಬೇಯಿಸಿದ ಮೊಟ್ಟೆ ಎಲ್ಲವನ್ನೂ ಸರಿಯಾಗಿ ಎರಡು ಭಾಗ ಮಾಡಿದರು. ಒಂದು ಭಾಗ ಟ್ರಂಕಿಗೆ, ಒಂದು ಭಾಗ ಲೋಕಲ್ಲಿಗೆ. ಮೊಟ್ಟೆ ಸರಿಪಾಲಾಗಲಿಲ್ಲವೆಂದು ಲೋಕಲ್ಲಿಗೆ ಕ್ಷಮೆ ಕೇಳಿದರು. ತಟ್ಟೆಗೆ ಅಂಟಿದ್ದನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ಅದನ್ನೂ ಕೊಟ್ಟರು. ಆಮೇಲೆ ಖಾಲಿ ತಟ್ಟೆ ತಂದು ಅಳಿಯನ ಕೈಗಿತ್ತು, ಬಾಯಿ ಒರೆಸಿಕೊಳ್ಳುತ್ತಾ, "ಊಟ ಚೆನ್ನಾಗಿತ್ತು. ಹೊಟ್ಟೆ ತುಂಬಿಹೋಯ್ತು" ಎಂದರು.

ರಾತ್ರಿ ಮೂವರೂ ಒಟ್ಟಿಗೆ ಕೂತಾಗ ಅತ್ತೆ ಎರಡು ಚಮಚ ತಿಂದು, "ಮಧ್ಯಾಹ್ನದ್ದೇ ಜಾಸ್ತಿಯಾಯ್ತು" ಎಂದು ಏಳುತ್ತಿದ್ದುದನ್ನು ಮಗಳೂ ಅಳಿಯನೂ ದಿನಾ ನೋಡಿದ್ದರು, ದಿನಾ ನಂಬಿದ್ದರು. ದಿನಾ ಖಾಲಿಯಾಗಿ ಬರುತ್ತಿದ್ದ ತಟ್ಟೆ ನೋಡಿ ಟೇಪಣ್ಣ ಖುಷಿಪಟ್ಟಿದ್ದರು ಕೂಡ. "ನಾಯಿಗಳ ಹೊಟ್ಟೆಗೆ ಟೇಪು ಹಿಡ್ಕೊಂಡು ಓಡಾಡ್ದೆ ಸಾರ್" ಎಂದು ನನಗೆ ಹೇಳಿದರು.

ಅಂದು ಸಂಜೆ ನಾಲ್ಕಕ್ಕೆ ಹೆಂಡತಿ ಬಂದಾಗ ಅಳತೆಯ ಪುಸ್ತಕ ತೋರಿಸಿದರು. ಆಕೆ ಬೂಟು ಬಿಚ್ಚದೆ ಮಂಚದ ಅಂಚಿನಲ್ಲಿ ಕೂತುಬಿಟ್ಟರು.

"ರೀ, ವಾರ್ಡಲ್ಲಿ ದಿನಾ ಇಪ್ಪತ್ತು ಜನರ ತಟ್ಟೆ ನೋಡಿ ಬರ್ಕೋತೀನಿ, ಯಾರು ಎಷ್ಟು ತಿಂದ್ರು, ಎಷ್ಟು ಬಿಟ್ರು ಅಂತ. ನಮ್ಮಮ್ಮನ ತಟ್ಟೆ ನೋಡ್ಲಿಲ್ವಲ್ರೀ."

ಅತ್ತೆಯನ್ನು ದೊಡ್ಡ ಡಾಕ್ಟರಿಗೆ ತೋರಿಸಿದರು. ಅವರು ಗಡಿಯಾರದ ಚಿತ್ರ ಬರೆಸಿದರು, ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರು. ಹೋದ ನೆನಪನ್ನು ಹಿಂದಕ್ಕೆ ತರುವ ಮಾತ್ರೆ ಇಲ್ಲ, ಇದ್ದಷ್ಟನ್ನು ಕಾಯ್ದುಕೊಳ್ಳಬೇಕು, ಮೊದಲು ಹೊಟ್ಟೆಗೆ ಸರಿಯಾಗಿ ಬೀಳಬೇಕು ಎಂದರು.

ಸರಿ, ಊಟದ ಹೊತ್ತಿನಲ್ಲಿ ನಾಯಿಗಳನ್ನು ಹಿತ್ತಲಿಗೆ ಹಾಕಿ ಬಾಗಿಲು ಮುಚ್ಚುವುದೆಂದು ನಿಶ್ಚಯಿಸಿದರು. ಮೊದಲ ದಿನ ನಾಯಿಗಳು ಬಾಗಿಲು ಕೆರೆದು ಗೋಳಿಟ್ಟವು, ಅತ್ತೆ ತಟ್ಟೆ ಮುಟ್ಟಲಿಲ್ಲ. "ಅವು ಬರಲಿ, ಆಮೇಲೆ" ಎಂದರು. ಎರಡನೆಯ ದಿನವೂ ಅದೇ. ಮೂರನೆಯ ದಿನ ನನ್ನ ಹೊಸ ಪ್ಯಾಂಟಿನ ಉದ್ದ ನೋಡಲು ನಾನು ಪರದೆಯ ಹಿಂದೆ ಸ್ಟೂಲಿನ ಮೇಲೆ ನಿಂತಿದ್ದೆ. ಟೇಪಣ್ಣ ನೆಲದ ಮೇಲೆ ಮಂಡಿಯೂರಿ, ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ನನ್ನ ಎಡಗಾಲಿನ ಅಂಚು ಮಡಚುತ್ತಿದ್ದರು. ಹಿತ್ತಲಿನ ಗೋಳಾಟದಲ್ಲಿ ಮುಂಬಾಗಿಲ ಸದ್ದು ನಮಗೆ ಕೇಳಿಸಲೇ ಇಲ್ಲ. ಅತ್ತೆ ಊಟ ಮಾಡಿದರೋ ಎಂದು ನೋಡಲು ಟೇಪಣ್ಣ ಒಳಗೆ ಹೋದಾಗ ತಟ್ಟೆ ಬಡಿಸಿದ ಹಾಗೇ ಇತ್ತು, ಕುರ್ಚಿ ಖಾಲಿ; ತಿರುಗಿ ಬಂದು ನೋಡಿದರೆ ಬೀದಿಯ ಬಾಗಿಲು ಹಾರುಹೊಡೆದಿತ್ತು. ಗೋಡೆಯ ಮೊಳೆಗೆ ನೇತುಹಾಕಿದ್ದ ನಾಯಿಗಳ ಕತ್ತಿನ ಪಟ್ಟಿಗಳೂ ಇರಲಿಲ್ಲ.

"ಸಾರ್, ಅಂಗಡಿ ನೋಡ್ಕೊಳ್ಳಿ!" ಎಂದು ಟೇಪಣ್ಣ ಪಿನ್ನು ಉಗುಳಿ ಓಡಿದರು.

ಬೆನ್ನಿಗೇ ಓಡೋಣವೆಂದರೆ ನನ್ನ ಪ್ಯಾಂಟಿನ ಒಂದು ಕಾಲಿಗೆ ಮಡಚಿ ಪಿನ್ನು ಚುಚ್ಚಿತ್ತು, ಇನ್ನೊಂದು ಕಾಲು ನೆಲ ಗುಡಿಸುತ್ತಿತ್ತು. ಅಲ್ಲೇ ಉಳಿದೆ. ಹಿತ್ತಲಿನ ಗೋಳು ಕೇಳಲಾರದೆ ಬಾಗಿಲು ತೆರೆದೆ. ಎರಡೂ ಬಂದು ನನ್ನ ಎದುರು ಕೂತವು. ಚಿಕ್ಕದು ಮೊಣಕಾಲಿಗೆ ಕಾಲಿಟ್ಟಿತು, ದೊಡ್ಡದು ನಿಟ್ಟುಸಿರಿಟ್ಟಿತು. ನನಗೆ ಎಲ್ಲ ಗೊತ್ತಿತ್ತು. ಡಾಕ್ಟರಮ್ಮ ಹೇಳಿದ್ದು ಗೊತ್ತಿತ್ತು, ಕಪ್ಪಿನ ಗೆರೆ ಗೊತ್ತಿತ್ತು, ಈ ಮುಖಗಳ ನಾಟಕವೂ ಗೊತ್ತಿತ್ತು. ಆದರೂ ನನ್ನ ಊಟದ ಡಬ್ಬಿಯಲ್ಲಿದ್ದ ಎರಡು ಮೊಟ್ಟೆಯೂ ಬ್ರೆಡ್ಡೂ ಅವುಗಳ ಹೊಟ್ಟೆ ಸೇರಿದವು. ಹೇಗೆ ಕೊಟ್ಟೆನೋ ಇವತ್ತಿಗೂ ಹೇಳಲಾರೆ.

ಟೇಪಣ್ಣ ಆಚೆ ಬೀದಿ, ಬಸ್ ಸ್ಟಾಪು, ಪಾರ್ಕು ಎಲ್ಲ ಸುತ್ತಿ ಕೊನೆಗೆ ಅತ್ತೆಯನ್ನು ಕಂಡದ್ದು ಹಳೆಯ ಎಕ್ಸ್‌ಚೇಂಜ್ ಕಟ್ಟಡದ ಎದುರು. ಈಗ ಅಲ್ಲಿ ಕಾರು ಮಾರುತ್ತಾರೆ. ಗಾಜಿನ ಬಾಗಿಲ ಮುಂದೆ, ಮನೆಯ ಚಪ್ಪಲಿಯಲ್ಲಿ, ಕೈಯಲ್ಲಿ ನಾಯಿಯಿಲ್ಲದ ಎರಡು ಪಟ್ಟಿ ಹಿಡಿದು ಕಾವಲಿನವನನ್ನು ಕೇಳುತ್ತಿದ್ದರು: "ಎಷ್ಟು ಹೊತ್ತಿಂದ ಕಾಯ್ತಿದ್ದೀನಿ. ಒಂದು ಟ್ರಂಕು, ಒಂದು ಲೋಕಲ್ಲು. ಎರಡೂ ಸಿಕ್ತಾ ಇಲ್ಲ. ಸ್ವಲ್ಪ ನೋಡಪ್ಪ." ಅವನು ಬೆಪ್ಪಾಗಿ, "ಯಾವ ಮಾಡೆಲ್ಲು ಅಮ್ಮ?" ಎನ್ನುತ್ತಿದ್ದ.

ಮುಕ್ಕಾಲು ಗಂಟೆಯ ಮೇಲೆ ಅತ್ತೆ ಅಳಿಯನ ತೋಳು ಹಿಡಿದು ಒಳಗೆ ಬಂದರು. ನಾಯಿಗಳನ್ನು ಕಂಡದ್ದೇ ನೆಲದ ಮೇಲೆ ಕೂತು ಎರಡರ ಕತ್ತನ್ನೂ ತಬ್ಬಿಕೊಂಡರು. "ಎಲ್ಲಿ ಹೋಗಿದ್ರೋ? ಎಲ್ಲಿ ಹೋಗಿದ್ರೋ?" ಆಮೇಲೆ ನನ್ನ ಕಡೆ ತಿರುಗಿ, "ಇವಕ್ಕೆ ಯಾರಾದ್ರೂ ಏನಾದ್ರೂ ಹಾಕಿದ್ರಾ?" ಎಂದರು.

"ಹಾಕಿದೆ ಅಮ್ಮ" ಎಂದು ನಾಲಿಗೆ ಕಚ್ಚಿಕೊಂಡೆ.

ಟೇಪಣ್ಣ ಖಾಲಿ ಡಬ್ಬಿ ನೋಡಿದರು. "ಸಾರ್, ನೀವೂನಾ?" ಎಂದರು. ಸಿಟ್ಟಿರಲಿಲ್ಲ. ಗೋಡೆಗೊರಗಿ ಕೂತು, ಕಣ್ಣಿಗೆ ಅಂಗೈ ಒತ್ತಿ ಹಿಡಿದರು. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ನೋಡುವ ಧೈರ್ಯ ನನಗಾಗಲಿಲ್ಲ.

ಅಲ್ಲಿಂದ ಮುಂದೆ ಹಿತ್ತಲಿನ ಬಾಗಿಲು ಮುಚ್ಚುವ ಮಾತು ನಿಂತಿತು. ಮಧ್ಯಾಹ್ನ ಹನ್ನೆರಡೂವರೆಗೆ ಟೇಪಣ್ಣ ಅಂಗಡಿಗೆ ಪರದೆ ಎಳೆದು, ಅತ್ತೆಯ ಪಕ್ಕ ತಮ್ಮ ತಟ್ಟೆಯನ್ನೂ ಇಟ್ಟುಕೊಂಡು ಕೂರತೊಡಗಿದರು. ನಾಯಿಗಳಿಗೆಂದು ಬೇರೆ ಬಟ್ಟಲಲ್ಲಿ ಸೌತೆಕಾಯಿ, ಕ್ಯಾರೆಟ್ಟಿನ ಹೋಳು. ಅತ್ತೆ ತಮ್ಮ ತಟ್ಟೆಯಿಂದ ಚಮಚ ಎತ್ತಿ ಕೆಳಗೆ ಬಾಗಿದಾಗ ಇವರು, "ಅತ್ತೆ, ಟ್ರಂಕು ನಿಮ್ಮ ಮುಖ ನೋಡ್ತಿದೆ. ನೀವು ಒಂದು ತುತ್ತು ತಿಂದ್ರೆ ಅದು ಇದನ್ನ ತಿನ್ನುತ್ತಂತೆ" ಎಂದು ಕ್ಯಾರೆಟ್ಟು ಹಿಡಿಯುತ್ತಾರೆ. "ಹಾಗಂತಾ?" ಎಂದು ಅತ್ತೆ ತಿನ್ನುತ್ತಾರೆ. ಕೆಲವು ದಿನ ಅರ್ಧ ತಟ್ಟೆ ಒಳಗೆ ಹೋಗುತ್ತದೆ. ಕೆಲವು ದಿನ ಎರಡು ತುತ್ತಿಗೇ ಆಟ ಮುಗಿಯುತ್ತದೆ. ನಾಯಿಗಳಂತೂ ಇದನ್ನೂ ಕಲಿತುಬಿಟ್ಟಿವೆ. ಕ್ಯಾರೆಟ್ಟನ್ನು ಬಾಯಲ್ಲಿ ಹಿಡಿದಂತೆ ಮಾಡಿ, ಇವರು ಆಚೆ ತಿರುಗಿದಾಗ ಮೆತ್ತಗೆ ಸೋಫಾದ ಕೆಳಗೆ ಉಗುಳಿ, ಅತ್ತೆಯ ಇನ್ನೊಂದು ಪಕ್ಕಕ್ಕೆ ಹೋಗಿ ಕೂರುತ್ತವೆ. ಹೆಂಡತಿ ರಜೆಯ ದಿನ ಸೋಫಾ ಸರಿಸಿ ಗುಡಿಸಿದರೆ ಒಂದು ಮೊರ ಒಣಗಿದ ಕ್ಯಾರೆಟ್ಟು. ಟ್ರಂಕಿನ ಹೃದಯಕ್ಕೆ ಮಾತ್ರೆ ಶುರುವಾಗಿದೆ. ಅದು ಬೆಣ್ಣೆ ಸವರಿದರೆ ಮಾತ್ರ ನುಂಗುತ್ತದೆ. ಬೆಣ್ಣೆ ಕೊಡಬಾರದೆಂದು ಡಾಕ್ಟರಮ್ಮ ಹೇಳಿದ್ದಾರೆ.

ಮೊನ್ನೆ ನಾನು ಹೋದಾಗ ಊಟ ನಡೆದಿತ್ತು. ಅತ್ತೆ ಬಹಳ ಮರ್ಯಾದೆಯಿಂದ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನು ಮಾತಾಡಿಸುವಂತೆ, ಅಳಿಯನನ್ನು ಕೇಳುತ್ತಿದ್ದರು.

"ನಿಮ್ಮ ಮನೇಲಿ ಯಾರ್ಯಾರು ಇದ್ದೀರಿ?"

ಟೇಪಣ್ಣ ಒಂದು ಕ್ಷಣ ಚಮಚ ಕೆಳಗಿಟ್ಟರು. ಆಮೇಲೆ ಹೇಳಿದರು: "ಹೆಂಡತಿ ಇದ್ದಾಳೆ. ಅತ್ತೆ ಇದ್ದಾರೆ. ಎರಡು ನಾಯಿ."

"ಅತ್ತೆ ಒಳ್ಳೆಯವರಾ?"

"ತುಂಬಾ ಒಳ್ಳೆಯವರು. ಊಟ ಒಂದು ಸರಿಯಾಗಿ ಮಾಡಲ್ಲ."

"ವಯಸ್ಸಾದವರು ಹಾಗೇ ಕಣ್ರೀ" ಎಂದರು ಅತ್ತೆ, ಅನುಭವಸ್ಥರಂತೆ ತಲೆಯಾಡಿಸುತ್ತಾ. "ಬೈಯಬಾರದು. ಪಕ್ಕದಲ್ಲಿ ಕೂತ್ಕೊಂಡು, ಒಳ್ಳೆ ಮಾತಲ್ಲಿ ತಿನ್ನಿಸಬೇಕು."

"ಆಗಲಿ, ಹಾಗೇ ಮಾಡ್ತೀನಿ" ಎಂದರು ಟೇಪಣ್ಣ.

ಅತ್ತೆ ಸಮಾಧಾನದಿಂದ ಒಂದು ದೊಡ್ಡ ಚಮಚ ಅನ್ನ ಎತ್ತಿದರು. ಉಫ್ ಎಂದು ಊದಿ ಆರಿಸಿದರು. ಲೋಕಲ್ಲು ಆಗಲೇ ಬಾಯಿ ತೆರೆದುಕೊಂಡು ನಿಂತಿತ್ತು.